ಮೈಯಲ್ಲಿ ಮೂಡಿದ ಸಿನಿಮಾ

ಒಂದರ ಪಕ್ಕ ಒಂದು ಚೌಕಟ್ಟು. ಮೊದಲನೆಯದರಲ್ಲಿ ಹುಟ್ಟಿದ ಚಲನೆಯ ಮುಂದಿನ ತುಣುಕು ಎರಡನೆಯದರಲ್ಲಿ, ಅದರ ಮುಂದಿನದು ಮೂರನೆಯದರಲ್ಲಿ. ಫಿಲಂ ಸುರುಳಿಯನ್ನು ಬಿಡಿಸಿಟ್ಟಂತೆ ನಿಂತ ಆ ಸಾಲಿನಲ್ಲಿ ಚಿತ್ರಗಳ ಬದಲು ಜೀವಂತ ಮನುಷ್ಯರು. ಸಿನಿಮಾದ ಚರಿತ್ರೆಯನ್ನೇ ವಸ್ತುವಾಗಿಸಿಕೊಂಡ ‘ಐರಿಸ್’ ಸರ್ಕಸ್ಸಿನ ಅತ್ಯಂತ ಸೊಗಸಾದ ಭಾಗವಿದು.

ಕೆನಡಾದ ಕ್ವಿಬೆಕ್‌ನಲ್ಲಿ 1984ರಲ್ಲಿ ಶುರುವಾದ ಸರ್ಕ್ ದು ಸೊಲೇ ಕಂಪನಿ ಆನೆ, ಹುಲಿಗಳಿಲ್ಲದ ಸರ್ಕಸ್ಸಿಗೆ ಹೆಸರುವಾಸಿ. ‘ಐರಿಸ್’ ಅನ್ನು ಅದು 2011ರಲ್ಲಿ ಹಾಲಿವುಡ್‌ನ ಕೊಡಾಕ್ ಥಿಯೇಟರಿನಲ್ಲಿ, ಅಂದರೆ ಆಸ್ಕರ್ ಪ್ರಶಸ್ತಿ ಹಂಚುವ ವೇದಿಕೆಯಲ್ಲೇ ರಂಗಕ್ಕೆ ತಂದಿತು. ನಿರ್ದೇಶಕ ಫ್ರಾನ್ಸಿನ ನೃತ್ಯ ಸಂಯೋಜಕ ಫಿಲಿಪ್ ದೆಕೂಫ್ಲೆ. ಸಂಗೀತ ಡ್ಯಾನಿ ಎಲ್ಫ್‌ಮನ್ ಅವರದು. ಒಂದೆಡೆ ಮೂಕಿ ಚಿತ್ರಗಳ ನೆನಪು, ಇನ್ನೊಂದೆಡೆ ಟ್ರ್ಯಾಂಪೊಲಿನ್ ಮೇಲೆ ಪುಟಿದು ಮಹಡಿಯಿಂದ ಮಹಡಿಗೆ ಹಾರುವ ಗ್ಯಾಂಗ್‌ಸ್ಟರ್‌ಗಳು. ಯಂತ್ರ ಮಾಡುವ ಮೋಡಿಯನ್ನು ಮೈಯೇ ಮಾಡಿ ತೋರಿಸಿದ್ದು ಅದರ ದೊಡ್ಡ ಗೆಲುವು. ಆದರೂ 2013ರ ಜನವರಿಯಲ್ಲಿ ಪ್ರದರ್ಶನ ನಿಂತಿತು.

ಸಿನಿಮಾವನ್ನು ಸರ್ಕಸ್, ಜಾದೂಗಳ ಜೊತೆ ಬೆಸೆದದ್ದು ಹೊಸ ಕಲ್ಪನೆಯೇನಲ್ಲ. 1902ರಲ್ಲಿ ಚಂದ್ರಯಾನವನ್ನು ಬೆಳ್ಳಿತೆರೆಗೆ ತಂದ ಜಾರ್ಜ್ ಮೆಲಿಯೆಸ್ ವೃತ್ತಿಯಿಂದ ಜಾದೂಗಾರ. ನಮ್ಮ ದಾದಾಸಾಹೇಬ್ ಫಾಲ್ಕೆಯವರೂ ಜಾದೂ ಬಲ್ಲವರು. ತಮ್ಮ ಹೆಸರನ್ನೇ ತಿರುಗಿಸಿ ‘ಪ್ರೊಫೆಸರ್ ಕೇಲ್ಫಾ’ ಎಂದುಕೊಂಡಿದ್ದರು. ದಕ್ಷಿಣ ಭಾರತದಲ್ಲಿ ರೈಲ್ವೆ ನೌಕರ ಸಾಮಿಕ್ಕಣ್ಣು ವಿನ್ಸೆಂಟ್ 1905ರಲ್ಲಿ ಪ್ರೊಜೆಕ್ಟರ್ ಕೊಂಡು ಊರೂರು ಸುತ್ತಿದರು. ಅವರ ಜೊತೆ ಸುತ್ತಿದ್ದು ಸರ್ಕಸ್ಸಿನಂಥದೇ ಡೇರೆ.

ಕನ್ನಡದಲ್ಲಿ ಈ ನಂಟು ಇನ್ನೂ ಗಾಢ. ಗುಬ್ಬಿ ವೀರಣ್ಣನವರ ಕಂಪನಿ ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಅದೇ ಕಂಪನಿಯಲ್ಲಿ ಪಳಗಿದ ರಾಜ್‌ಕುಮಾರ್ 1954ರ ‘ಬೇಡರ ಕಣ್ಣಪ್ಪ’ದಿಂದ ನಾಯಕರಾದರು. ಅಂಥ ಚಿತ್ರಗಳನ್ನು ಹಳ್ಳಿಗಳಿಗೆ ಮುಟ್ಟಿಸಿದ್ದು ಟೆಂಟು ಹೂಡಿ ಊರೂರು ಸುತ್ತುತ್ತಿದ್ದ ಟೂರಿಂಗ್ ಟಾಕೀಸ್. ಸಂಜೆ ಗಾಯಕ ಘಂಟಸಾಲ ಅವರ ವೆಂಕಟೇಶ ಸ್ತುತಿ ಮೈಕಿನಲ್ಲಿ ಕೇಳಿತೆಂದರೆ ಟಿಕೆಟ್ ಕೊಡಲು ಶುರುವಾಯಿತೆಂದೇ ಲೆಕ್ಕ. ನೆಲದ ಮಣ್ಣಿನ ಮೇಲೆ ಕೂತವರು, ಹಿಂದೆ ಬೆಂಚಿನವರು. ಪ್ರೊಜೆಕ್ಟರ್ ಒಂದೇ ಆದ್ದರಿಂದ ರೀಲು ಬದಲಿಸುವಾಗಲೆಲ್ಲ ಇಂಟರ್ವಲ್! ಅಷ್ಟು ಹೊತ್ತಿಗೆ ಕಡ್ಲೆಕಾಯಿ ಮಾರುವವನ ಕೂಗು. ಆ ಪ್ರೇಕ್ಷಕರಿಲ್ಲದೆ ಕನ್ನಡ ಚಿತ್ರರಂಗ ಬೆಳೆಯುತ್ತಿರಲಿಲ್ಲ.

‘ಐರಿಸ್’ ಸಿನಿಮಾ ಚರಿತ್ರೆಗೆ ಸಲ್ಲಿಸಿದ ಗೌರವವನ್ನು ನಮ್ಮ ಟೆಂಟುಗಳಿಗೂ ಯಾರಾದರೂ ಸಲ್ಲಿಸಬೇಕು. ಸರ್ಕಸ್ ಆಗಲಿ, ನಾಟಕವಾಗಲಿ, ಅದಕ್ಕೆ ಬೇಕಾದ ಸಾಮಗ್ರಿ ಮಂಡ್ಯ ಸೀಮೆಯ ಹಿರಿಯರ ನೆನಪಿನಲ್ಲಿದೆ. ಆ ಸೀಮೆಯಲ್ಲೇ, ಹೆಜ್ಜಾರ್ಲೆಗಳಿಂದ ಹೆಸರಾದ ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿಗಳ ಬರುವಿಕೆಯನ್ನು ಎಣಿಸಿ ದಾಖಲಿಸುವವರಿದ್ದಾರೆ. ಹಾಗೆಯೇ ಅದೇ ಊರಿನ, ಮದ್ದೂರು, ಮಳವಳ್ಳಿ ಸುತ್ತಲಿನ ಅಜ್ಜ ಅಜ್ಜಿಯರನ್ನು ಕೂರಿಸಿಕೊಂಡು ಟೆಂಟಿನ ಕಥೆಯನ್ನೂ ಕೇಳಿ, ಬರೆದಿಡಿ, ಸಾಧ್ಯವಾದರೆ ಫೋನಿನಲ್ಲಿ ರೆಕಾರ್ಡ್ ಮಾಡಿ. ಈಗಲೇ ಮಾಡಿ.