ಇಕ್ಕಟ್ಟಾದ ಧಮನಿ, ಏರಿದ ಒತ್ತಡ

ಕೋತಗಿರಿಯಂಥ ಮಲೆಯೂರಿನಲ್ಲಿ ಎಳೆಯ ಕೂಸೊಂದು ಪದೇ ಪದೇ ತಲೆನೋವೆಂದು ನರಳಿದರೆ ಚಳಿಯನ್ನೂ ಹಸಿವನ್ನೂ ಕಣ್ಣಿನ ದೋಷವನ್ನೂ ಶಂಕಿಸುವವರುಂಟು. ರಕ್ತದೊತ್ತಡವು ವಯಸ್ಸಾದವರ ಸೊತ್ತೆಂಬ ನಂಬಿಕೆ ಬಲವಾಗಿರುವುದರಿಂದ, ಕೂಸಿನ ತೋಳಿಗೆ ಪಟ್ಟಿ ಸುತ್ತಿ ನೋಡುವವರು ವಿರಳ. ಸುತ್ತಿದರೂ ಪಟ್ಟಿಯು ಆ ತೋಳಿಗೆ ತಕ್ಕುದಾಗಿರಬೇಕು; ಕಿರಿದಾದರೆ ಇಲ್ಲದ ಒತ್ತಡವನ್ನು ತೋರಿಸೀತು, ಹಿರಿದಾದರೆ ಇದ್ದುದನ್ನು ಮರೆಸೀತು.

ಮಕ್ಕಳಲ್ಲಿ ತೀವ್ರವಾಗಿ ಏರುವ ಒತ್ತಡದ ಹಿಂದೆ ಪ್ರಾಯಶಃ ಒಂದು ಗುಪ್ತಕಾರಣವಿರುವುದು. ಮೂತ್ರಪಿಂಡಕ್ಕೆ ರಕ್ತವನ್ನೊಯ್ಯುವ ಅಪಧಮನಿಯ ಸಂಕೋಚವು ಅಂಥವುಗಳಲ್ಲೊಂದು. 1898ರಲ್ಲಿ ಸ್ಟಾಕ್‌ಹೋಮಿನ ಟೀಗರ್‌ಸ್ಟೆಟ್ ಮತ್ತು ಬೆರ್ಗ್‌ಮನ್ ಎಂಬವರು ಮೊಲದ ಮೂತ್ರಪಿಂಡದಿಂದ ಒತ್ತಡವನ್ನೇರಿಸುವ ದ್ರವ್ಯವನ್ನು ಪಡೆದು ರೆನಿನ್ ಎಂದು ಕರೆದರಾದರೂ, ಲೋಕ ಅದನ್ನು ದಶಕಗಳ ಕಾಲ ಮರೆತೇಬಿಟ್ಟಿತು. 1934ರಲ್ಲಿ ಅಮೇರಿಕೆಯ ಹ್ಯಾರಿ ಗೋಲ್ಡ್‌ಬ್ಲಾಟ್ ನಾಯಿಗಳ ಮೂತ್ರಪಿಂಡದ ಅಪಧಮನಿಯನ್ನು ಬೆಳ್ಳಿಯ ಇಕ್ಕಳದಿಂದ ಬುದ್ಧಿಪೂರ್ವಕವಾಗಿ ಬಿಗಿದಾಗ, ಕಾಲುವೆಯ ಕೊನೆಯ ಗದ್ದೆಯವನು ನೀರು ಸಾಲದೆಂದು ಇಡೀ ತೂಬನ್ನೇ ತೆರೆಯಿಸುವಂತೆ, ಬಡವಾದ ಆ ಅಂಗವು ಸಮಸ್ತ ದೇಹದ ಒತ್ತಡವನ್ನು ಏರಿಸಿದುದು ಕಂಡುಬಂದಿತು.

1938ರಲ್ಲಿ ಲೆಡ್‌ಬೆಟರ್ ಮತ್ತು ಬರ್ಕ್‌ಲೆಂಡ್ ಎಂಬ ವೈದ್ಯರು, ಸ್ವಸ್ಥಾನದಲ್ಲಿಲ್ಲದ ಮೂತ್ರಪಿಂಡವುಳ್ಳ ಐದೂವರೆ ವರುಷದ ಬಾಲಕನೊಬ್ಬನಿಂದ ಅದನ್ನು ತೆಗೆದುಹಾಕಲು ಅವನ ಒತ್ತಡವಿಳಿದ ವರದಿ ಪ್ರಕಟಿಸಿದರು. ಆ ಯಶಸ್ಸಿನ ಬೆನ್ನಲ್ಲೇ ಶಸ್ತ್ರಗಳು ಉತ್ಸಾಹದಿಂದ ಹೊರಬಿದ್ದುವು. 1956ರಲ್ಲಿ ಶರೀರಕ್ರಿಯಾತಜ್ಞ ಹೋಮರ್ ಸ್ಮಿತ್ ಲೆಕ್ಕ ಹಾಕಿ ನೋಡಲು, ಗುಣ ಕಂಡವರು ಸುಮಾರು ಕಾಲುಭಾಗ ಮಾತ್ರ. ಮೂತ್ರಪಿಂಡವನ್ನು ಕಳೆದುಕೊಂಡೂ ಒತ್ತಡವನ್ನು ಉಳಿಸಿಕೊಂಡ ಮಿಕ್ಕವರ ಪಾಡನ್ನು ಆ ಕಾಲದ ಬರಹಗಾರರು ಹೆಚ್ಚಾಗಿ ವರ್ಣಿಸಿದಂತೆ ಕಾಣೆ.

ತರುವಾಯ 1978ರಲ್ಲಿ ಜೂರಿಚ್‌ನ ವೈದ್ಯ ಗ್ರುಯೆಂಟ್ಸಿಗ್, ತೊಡೆಯ ರಕ್ತನಾಳದ ಮೂಲಕ ಬಲೂನನ್ನು ತೂರಿಸಿ ಮೂತ್ರಪಿಂಡದ ಇಕ್ಕಟ್ಟಾದ ಅಪಧಮನಿಯನ್ನು ಹಿಗ್ಗಿಸಿದನು. ಈ ಇಕ್ಕಟ್ಟಿನ ಹಿಂದೆ ಪಾಶ್ಚಾತ್ಯ ಮಕ್ಕಳಲ್ಲಿ ಧಮನಿಭಿತ್ತಿಯ ವಿಕೃತ ಬೆಳವಣಿಗೆ ಹೆಚ್ಚು ಕಾಣುವುದಾದರೆ, ನಮ್ಮ ದೇಶದಲ್ಲಿ 1908ರಲ್ಲಿ ಜಪಾನಿನ ನೇತ್ರವೈದ್ಯ ತಕಯಾಸು ವಿವರಿಸಿದ ಮಹಾಧಮನಿಯ ಉರಿಯೂತವೇ ಪ್ರಮುಖ ಕಾರಣ. ಅದು ಮಣಿಕಟ್ಟಿನ ನಾಡಿಯನ್ನೂ ಅಡಗಿಸಬಲ್ಲುದಾದ್ದರಿಂದ ನಾಲ್ಕೂ ಅವಯವಗಳಲ್ಲಿ ಒತ್ತಡವನ್ನಳೆಯಬೇಕು. ಉರಿಯೂತ ಶಮಿಸುವ ಮುನ್ನ ಬಲೂನಿಗೆ ಆತುರಪಟ್ಟರೆ ಧಮನಿ ಮತ್ತೆ ಮುಚ್ಚಿಕೊಳ್ಳುವ ಭಯವುಂಟು. ಆ ಉರಿಯೂತದ ಏರಿಳಿತವನ್ನು ತೂಗುವ ಅಂಕಪದ್ಧತಿಯೊಂದನ್ನು ಭಾರತೀಯ ವೈದ್ಯರೇ ರೂಪಿಸಿ 2013ರಲ್ಲಿ ಪ್ರಕಟಿಸಿರುವರು.

ರೆನಿನ್ನಿನ ದಾರಿಯನ್ನು ತಡೆಯುವ ಕ್ಯಾಪ್ಟೊಪ್ರಿಲ್ ವರ್ಗದ ಔಷಧಗಳು ಅಮೋಘವೇ ಸರಿ. ಎರಡೂ ಅಪಧಮನಿಗಳು ಇಕ್ಕಟ್ಟಾಗಿದ್ದಲ್ಲಿ ಮಾತ್ರ ಅವು ಮೂತ್ರಪಿಂಡದ ಕೆಲಸವನ್ನೇ ಕುಗ್ಗಿಸಬಹುದು. ಧಮನಿಯನ್ನು ತೆರೆದಿಡುವ ಲೋಹದ ಸ್ಟೆಂಟನ್ನು ಮಕ್ಕಳಿಗೆ ಇಡಲು ವೈದ್ಯರು ಹಿಂಜರಿಯುವರು, ಮಗು ಬೆಳೆದರೂ ಅದು ಬೆಳೆಯದಷ್ಟೆ. ಬಲೂನು ಸೋತಲ್ಲಿ, ಕೋತಗಿರಿಯವರು ಮೆಟ್ಟುಪಾಳಯದ ಘಟ್ಟವಿಳಿದು ದೊಡ್ಡ ಊರಿನ ಶಸ್ತ್ರವೈದ್ಯರನ್ನು ಕಾಣಬೇಕಾಗುವುದು. ಅವರು ಕೆಲವೊಮ್ಮೆ ಮೂತ್ರಪಿಂಡವನ್ನು ಹೊರತೆಗೆದು, ಅದರ ಧಮನಿಯನ್ನು ಮೇಜಿನ ಮೇಲೆ ಸರಿಪಡಿಸಿ, ಅದೇ ಮಗುವಿನ ಕಿಬ್ಬೊಟ್ಟೆಯಲ್ಲಿ ಮರಳಿ ನೆಲೆಗೊಳಿಸುವರು.