ಮನೆಯಾಳಿನ ಕೈಯ ಬೀಗದಕೈ ಗೊಂಚಲು

2024ನೆಯ ಇಸವಿ ಜುಲೈ 31ರಂದು ನಮ್ಮ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ ಮೂಲಕ ಹಣ ಕಳುಹಿಸುವುದು ಸಾಧ್ಯವಾಗದೆ ಹೋಯಿತು. ಸಹಕಾರಿ ಬ್ಯಾಂಕುಗಳಿಗೂ ಗ್ರಾಮೀಣ ಬ್ಯಾಂಕುಗಳಿಗೂ ಗಣಕಸೇವೆ ಒದಗಿಸುತ್ತಿದ್ದ ಸಿ-ಎಡ್ಜ್ ಎಂಬ ಸಂಸ್ಥೆಯ ಮೇಲೆ, ಕಡತಗಳಿಗೆ ಬೀಗ ಜಡಿದು ಒತ್ತೆಹಣ ಕೇಳುವ ದುಷ್ಟರ ದಾಳಿ ನಡೆದಿತ್ತು. ಸೋಂಕು ಹರಡದಿರಲೆಂದು ರಾಷ್ಟ್ರೀಯ ಪಾವತಿ ನಿಗಮವು ಆ ಸಂಸ್ಥೆಯ ಸಂಪರ್ಕವನ್ನೇ ಕಡಿದು ಬೇರೆಯಿರಿಸಿತು. ಮರುದಿನ ಸಂಪರ್ಕ ಮರಳಿತು.

ಕಳ್ಳರು ಒಳಹೊಕ್ಕ ದಾರಿ ಯಾವುದು? ಬೆಂಗಳೂರಿನ ಕ್ಲೌಡ್‌ಸೆಕ್ ಎಂಬ ಭದ್ರತಾ ಸಂಸ್ಥೆ ಶೋಧಿಸಿ ಹೇಳಿದ ಪ್ರಕಾರ, ಅದು ಯಾವ ಬ್ಯಾಂಕಿನ ಮುಂಬಾಗಿಲೂ ಅಲ್ಲ. ಸಿ-ಎಡ್ಜ್‌ನೊಡನೆ ಕೆಲಸ ಮಾಡುತ್ತಿದ್ದ ಮತ್ತೊಂದು ಕಂಪನಿಯಲ್ಲಿ, ತಕ್ಕ ಕಾವಲಿಲ್ಲದೆ ಉಳಿದಿದ್ದ 'ಜೆಂಕಿನ್ಸ್' ಎಂಬ ಸೇವಕನೇ ಆ ದಾರಿ.

ಈ ಜೆಂಕಿನ್ಸ್ ಮನುಷ್ಯನಲ್ಲ, ಒಂದು ತಂತ್ರಾಂಶ. ಹತ್ತಾರು ಜನ ಬರೆದ ಬಿಡಿಭಾಗಗಳನ್ನು ಒಟ್ಟುಗೂಡಿಸಿ, ತಪ್ಪೊಪ್ಪು ಪರೀಕ್ಷಿಸಿ, ಬಳಸುವವರ ಕೈಗೆ ಹೋಗುವ ರೂಪಕ್ಕೆ ತರುವ ಕಾರ್ಯಕ್ಕೆ ತಂತ್ರಜ್ಞರು 'ಬಿಲ್ಡ್' ಎನ್ನುತ್ತಾರೆ. ಮುದ್ರಣಾಲಯದಲ್ಲಿ ಹಸ್ತಪ್ರತಿ ಪುಸ್ತಕವಾಗುವ ಹಾಗೆಂದು ತಿಳಿಯಬಹುದು. ದಿನಕ್ಕೆ ನೂರು ಸಲ ಬಂದರೂ ಬೇಸರಿಸದೆ ಈ ಕೆಲಸವನ್ನು ತಾನಾಗಿಯೇ ಮಾಡುವುದು ಜೆಂಕಿನ್ಸ್‌ನ ಕಸುಬು. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದ ಜಪಾನಿನ ಕೊಹ್ಸುಕೆ ಕವಾಗುಚಿ ಇದನ್ನು ಮೊದಲು 'ಹಡ್ಸನ್' ಎಂಬ ಹೆಸರಿನಿಂದ ರಚಿಸಿದರು. ಸನ್ ಸಂಸ್ಥೆಯನ್ನು ಒರಾಕಲ್ ಕೊಂಡ ಬಳಿಕ ಹೆಸರಿನ ವಿಷಯದಲ್ಲಿ ವ್ಯಾಜ್ಯವೆದ್ದು, 2011ರಲ್ಲಿ ಜೆಂಕಿನ್ಸ್ ಎಂಬ ಹೊಸ ನಾಮಕರಣವಾಯಿತು. ಅದರ ಲಾಂಛನವಾದರೂ ಏನು! ತೋಳಿನ ಮೇಲೆ ವಸ್ತ್ರ ಇಳಿಬಿಟ್ಟುಕೊಂಡು ನಿಂತ ಇಂಗ್ಲಿಷ್ ಬಟ್ಲರ್.

ಉಪಮೆ ಸೊಗಸಾಗಿದೆ, ನಿಜವೂ ಆಗಿದೆ. ಬಟ್ಲರನ ಬಳಿ ಮನೆಯ ಎಲ್ಲ ಬೀಗದಕೈಗಳೂ ಇರಬೇಕು. ತಯಾರಾದ ತಂತ್ರಾಂಶವನ್ನು ಅದರ ಸ್ಥಾನಕ್ಕೆ ಒಯ್ದು ನೆಲೆಗೊಳಿಸಬೇಕಾದರೆ ದತ್ತಕೋಶದ ಗುಪ್ತಪದ, ದೂರದ ಗಣಕದ ಪ್ರವೇಶಾಧಿಕಾರ, ಸಂಸ್ಥೆಯ ಅಂಕಿತಮುದ್ರೆ ಎಲ್ಲವೂ ಅವನಿಗೆ ಬೇಕು. ಧಣಿಯನ್ನು ಕೆಡಹುವ ಬದಲು ಆಳನ್ನು ಹಿಡಿದರೆ ಸಾಕೆಂಬುದನ್ನು ಕಳ್ಳರು ಬಹುಬೇಗ ಕಂಡುಕೊಂಡರು.

ಬ್ಯಾಂಕುಗಳ ಪ್ರಕರಣದಲ್ಲಿ ಬಳಕೆಯಾಯಿತೆಂದು ಕ್ಲೌಡ್‌ಸೆಕ್ ಹೇಳಿದ ಬಿರುಕು ಜೆಂಕಿನ್ಸ್‌ನ ಮೂಲದೇಹದಲ್ಲೇ ಇದ್ದದ್ದು. ಆಜ್ಞೆಗಳನ್ನು ಓದಿಕೊಳ್ಳಲು ಅದು ಬಳಸುತ್ತಿದ್ದ ಸಿದ್ಧಭಾಗವೊಂದಕ್ಕೆ ಒಂದು ಅಭ್ಯಾಸವಿತ್ತು: ಇ-ಮೇಲ್ ವಿಳಾಸದ ನಡುವೆ ಬರುವ ಸುರುಳಿ ಚಿಹ್ನೆಯನ್ನು ಮುಂದಿಟ್ಟು ಯಾವುದಾದರೂ ಕಡತದ ಹೆಸರು ಹೇಳಿದರೆ, ಆ ಹೆಸರಿನ ಜಾಗದಲ್ಲಿ ಕಡತದ ಒಳಗಿನ ಬರಹವನ್ನೇ ತಂದಿರಿಸುವುದು. ಅನುಕೂಲಕ್ಕೆಂದು ಇಟ್ಟ ಈ ಸೌಕರ್ಯ ಹೊರಗಿನವರಿಗೂ ದಕ್ಕಿತು. ಪ್ರವೇಶವೇ ಇಲ್ಲದವನು ಕೂಡ ಕಡತದ ಮೊದಲ ಕೆಲವು ಸಾಲುಗಳನ್ನು ಓದಬಹುದಾಗಿತ್ತು. 2024ರ ಜನವರಿ 24ರಂದೇ ಇದಕ್ಕೆ ಪರಿಹಾರ ಪ್ರಕಟವಾಗಿತ್ತೆಂಬುದನ್ನು ಗಮನಿಸಬೇಕು. ದಾಳಿ ನಡೆದದ್ದು ಆರು ತಿಂಗಳ ಮೇಲೆ!

ಮೂಲದೇಹದ ಬಿರುಕನ್ನು ಮುಚ್ಚಲು ಕಾವಲುಗಾರರಾದರೂ ಇದ್ದಾರೆ. ಬಟ್ಲರನ ಕೈಕೆಳಗಿನ ಆಳುಗಳ ಕಥೆ ಇನ್ನೂ ಕಷ್ಟದ್ದು. ಜೆಂಕಿನ್ಸ್‌ಗೆ ಹೊಸ ವಿದ್ಯೆ ಕಲಿಸಲು 'ಪ್ಲಗಿನ್' ಎಂಬ ಉಪಾಂಗಗಳನ್ನು ಜೋಡಿಸುತ್ತಾರೆ. ಇಂಥವು 1800ಕ್ಕೂ ಮಿಕ್ಕಿವೆ. ಎಷ್ಟೋ ಪ್ಲಗಿನ್‌ಗಳನ್ನು ಯಾರೋ ಒಬ್ಬರು ತಮ್ಮ ಅಗತ್ಯಕ್ಕೆಂದು ಬರೆದು, ಉಳಿದವರಿಗೂ ಆಗಲಿ ಎಂದು ಉಚಿತವಾಗಿ ಕೊಟ್ಟಿದ್ದಾರೆ. ಒಮ್ಮೆ ಒಳಗೆ ಬಿಟ್ಟಮೇಲೆ ಈ ಕಿರಿಯಾಳೂ ಬಟ್ಲರನ ಅಧಿಕಾರದಿಂದಲೇ ಓಡಾಡುತ್ತಾನೆ.

ಇವುಗಳಲ್ಲಿ ಪದೇ ಪದೇ ಕಾಣುವ ದೋಷಗಳು ಮಹಾ ಜಾಣತನದವೇನಲ್ಲ. ಗುಪ್ತಪದವನ್ನು ಗೂಢಲಿಪಿಗೆ ತಿರುಗಿಸದೆ ಬರಿಯ ಅಕ್ಷರಗಳಲ್ಲಿ ಬರೆದಿಡುವುದು ಒಂದು. ಇನ್ನೊಂದು ತುಸು ವಿನೋದವಾಗಿದೆ. 'ಸಂಪರ್ಕ ಸರಿಯಿದೆಯೇ ನೋಡು' ಎಂಬ ಗುಂಡಿ ಅನೇಕ ಪ್ಲಗಿನ್‌ಗಳಲ್ಲಿ ಉಂಟು. ಅದನ್ನು ಒತ್ತಿದವನಿಗೆ ಆ ಅಧಿಕಾರವಿದೆಯೇ ಎಂದು ವಿಚಾರಿಸಲು ಬರೆದವರು ಮರೆತಿರುತ್ತಾರೆ. ಆಗ ಜಗಲಿಯ ಮೇಲೆ ಕುಳಿತ ಅತಿಥಿಯೊಬ್ಬ, 'ಅಯ್ಯಾ, ಮೂರನೆಯ ಬೀಗದಕೈ ತೆಗೆದುಕೊಂಡು ಇಂಥ ಬೀದಿಯ ಇಂಥ ಮನೆಗೆ ಹೋಗಿ ಬಾ' ಎನ್ನುತ್ತಾನೆ. ಆಳು ವಿಧೇಯನಾಗಿ ಹೋಗುತ್ತಾನೆ. ಆ ಮನೆ ಅತಿಥಿಯದೇ.

2022ರ ಜೂನ್ 30ರಂದು ಜೆಂಕಿನ್ಸ್‌ನ ಭದ್ರತಾ ತಂಡ ಒಂದೇ ದಿನ 29 ಪ್ಲಗಿನ್‌ಗಳಲ್ಲಿನ 34 ದೋಷಗಳನ್ನು ಪ್ರಕಟಿಸಿತು. ಅವುಗಳಲ್ಲಿ ಹೆಚ್ಚಿನವಕ್ಕೆ ಅಂದು ಪರಿಹಾರವೇ ಇರಲಿಲ್ಲ. ಮದ್ದಿಲ್ಲದ ರೋಗವನ್ನು ಊರಿಗೆಲ್ಲ ಸಾರುವುದೇ ಎಂದು ಕೇಳಬಹುದು. ಸಾರುವುದೇ ಸರಿಯೆಂದು ನನ್ನ ಮತ. ತಿಳಿದವನು ಆ ಪ್ಲಗಿನ್ನನ್ನು ತೆಗೆದಾದರೂ ಹಾಕುತ್ತಾನೆ. ಮದ್ದು ಅರೆಯುವವರೇ ಎಷ್ಟೋ ಕಡೆ ಇರುವುದಿಲ್ಲ. ಬರೆದವರು ಬೇರೆ ಉದ್ಯೋಗಕ್ಕೆ ಹೋಗಿರುತ್ತಾರೆ, ಆಸಕ್ತಿ ಬತ್ತಿರುತ್ತದೆ, ಮನೆಯಲ್ಲಿ ಮಗು ಹುಟ್ಟಿರುತ್ತದೆ. ಸಂಬಳವಿಲ್ಲದ ಅವರನ್ನು ದೂರುವುದು ಅನ್ಯಾಯ. ಅವರ ಬಿಟ್ಟಿ ದುಡಿಮೆಯ ಮೇಲೆ ಕೋಟಿಗಟ್ಟಲೆ ವ್ಯವಹಾರ ಕಟ್ಟಿಕೊಂಡ ಕಂಪನಿಗಳನ್ನು ಕೇಳಬೇಕು. ಹೀಗೆ ಅನಾಥವಾದ ಪ್ಲಗಿನ್‌ಗಳಿಗೆ ಜೆಂಕಿನ್ಸ್ ಬಳಗ 'ದತ್ತು ಕೊಡಲಿದೆ' ಎಂಬ ಚೀಟಿ ಅಂಟಿಸುತ್ತದೆ.

ಆಳು ಅನಾಥನಾಗದೆಯೂ ಕೆಡಬಹುದೆಂಬುದಕ್ಕೆ 2025ರ ಮಾರ್ಚಿಯ ಪ್ರಸಂಗ ಸಾಕ್ಷಿ. ಗಿಟ್‌ಹಬ್ ಎಂಬ ತಾಣದಲ್ಲಿಯೂ ಇಂಥದೇ ಬಿಲ್ಡ್ ಏರ್ಪಾಡಿದೆ. ಅಲ್ಲಿ 23,000ಕ್ಕೂ ಹೆಚ್ಚು ಯೋಜನೆಗಳು ಬಳಸುತ್ತಿದ್ದ 'ಟಿಜೆ-ಆಕ್ಷನ್ಸ್' ಎಂಬ ಉಪಕರಣವನ್ನು ಕಿಡಿಗೇಡಿಗಳು ಕೈವಶಮಾಡಿಕೊಂಡು, ಅದರ ಹಳೆಯ ಆವೃತ್ತಿಗಳ ಹೆಸರುಗಳನ್ನೆಲ್ಲ ತಮ್ಮ ವಿಷಪೂರಿತ ಬರಹದತ್ತ ತಿರುಗಿಸಿದರು. ಡಬ್ಬಿಯ ಮೇಲಿನ ಚೀಟಿ ಹಾಗೆಯೇ ಇತ್ತು, ಒಳಗಿನ ಸರಕು ಬೇರೆಯಾಗಿತ್ತು. ಅದು ಯಾವ ಕಳ್ಳಮಾರ್ಗದಿಂದಲೂ ಗುಟ್ಟನ್ನು ಒಯ್ಯಲಿಲ್ಲ. ಬಿಲ್ಡ್ ನಡೆದಾಗ ಬರೆಯುವ ದಿನಚರಿಯಲ್ಲೇ ಗುಪ್ತಪದಗಳನ್ನು ಬರೆದುಬಿಟ್ಟಿತು. ಸಾರ್ವಜನಿಕ ಯೋಜನೆಗಳ ದಿನಚರಿಯನ್ನು ದಾರಿಹೋಕನೂ ಓದಬಹುದಷ್ಟೆ! ಹೆಸರನ್ನು ನಂಬದೆ, ಬರಹದಿಂದಲೇ ಲೆಕ್ಕಹಾಕಿದ ಉದ್ದನೆಯ ಗುರುತುಸಂಖ್ಯೆಯನ್ನು ಮೊದಲೇ ನಮೂದಿಸಿಟ್ಟವರು ಪಾರಾದರು. ನಲವತ್ತು ಅಕ್ಷರಗಳ ಆ ಸಂಖ್ಯೆಯನ್ನು ಯಾರು ಬರೆಯುತ್ತ ಕೂರುವುದು ಎಂದವರು ಒಂದೊಂದೇ ಗುಪ್ತಪದವನ್ನು ಬದಲಾಯಿಸುತ್ತ ಕುಳಿತರು.