ಹೆಬ್ಬಾತಿನ ಎದೆ ಮಾಂಸ ಯಾಕೆ ಕೆಂಪು?

ಅಂಗಾಂಶಗಳ ಪಾಠ ಮಾಡುವಾಗ ಮಕ್ಕಳಿಗೆ ಒಂದು ಪ್ರಶ್ನೆ ಹಾಕಿ ನೋಡ್ರಿ. ಕೋಳಿಯ ಎದೆ ಮಾಂಸ ಬಿಳಿ, ತೊಡೆ ಮಾಂಸ ಕಂದು. ಯಾಕೆ? "ತೊಡೆಯೊಳಗೆ ರಕ್ತ ಜಾಸ್ತಿ ಸರ್" ಅನ್ನೋ ಉತ್ತರವೇ ಹೆಚ್ಚಾಗಿ ಬರುತ್ತದೆ. ಅದು ಸರಿಯಲ್ಲ. ಸರಿಯಾದ ಉತ್ತರ ಹುಡುಕಲು ನಿಮ್ಮನ್ನು ಸ್ವಲ್ಪ ದೂರ, ಅಮೆರಿಕದ ಮಿಸೌರಿ ನದಿಯ ದಂಡೆಗೆ ಕರ್ಕೊಂಡು ಹೋಗ್ತೀನಿ. ಅಲ್ಲಿ ಚಳಿಗಾಲದಲ್ಲಿ ಕೆನಡಾ ಹೆಬ್ಬಾತುಗಳ ಬೇಟೆ ನಡೆಯುತ್ತದೆ. ಆ ಹಕ್ಕಿಯ ಎದೆ ಮಾಂಸ ಕೋಳಿಯದರಂತೆ ಬಿಳಿ ಇಲ್ಲ, ಕುರಿ ಮಾಂಸದಷ್ಟು ಗಾಢ ಕೆಂಪು.

ಮೊದಲು ನದಿಯೇ ಯಾಕೆ ಅಂತ ನೋಡೋಣ. ದಕ್ಷಿಣ ಡಕೋಟದಂಥ ಕಡೆ ಕೆರೆಗಳೆಲ್ಲ ಹೆಪ್ಪುಗಟ್ಟಿದ ಮೇಲೂ ಹರಿಯುವ ನೀರು ತೆರೆದೇ ಇರುತ್ತದೆ. ಹೆಬ್ಬಾತುಗಳು ರಾತ್ರಿ ನದಿಯಲ್ಲಿದ್ದು, ಬೆಳಿಗ್ಗೆ ಕೊಯ್ದ ಜೋಳದ ಹೊಲಗಳಿಗೆ ಹೋಗಿ ಕಾಳು ತಿಂದು, ಮತ್ತೆ ನೀರಿಗೆ ಬರುತ್ತವೆ. ಬೇಟೆಗಾರರು ಮರಳು ದಿಬ್ಬದ ಮೇಲೆ ಪ್ಲಾಸ್ಟಿಕ್ ಹೆಬ್ಬಾತುಗಳನ್ನು ಇಟ್ಟು, ಗಾಳಿಗೆ ಬೆನ್ನು ಕೊಟ್ಟು ಅಡಗಿ ಕೂಡ್ತಾರೆ. ಹಕ್ಕಿ ಯಾವಾಗಲೂ ಗಾಳಿಗೆ ಎದುರಾಗಿಯೇ ಇಳಿಯುತ್ತದೆ, ವಿಮಾನದ ಹಾಗೆ. ರೆಕ್ಕೆಗೆ ಬೇಕಾದ ಗಾಳಿಯ ವೇಗ ಸಿಗುತ್ತದೆ, ನೆಲಕ್ಕೆ ಹೋಲಿಸಿದ ವೇಗ ಕಡಿಮೆ ಇರುತ್ತದೆ. ಸಾಪೇಕ್ಷ ವೇಗಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ನನಗೆ ಸಿಕ್ಕಿಲ್ಲ.

ಈಗ ಬಣ್ಣದ ವಿಚಾರ. ಮಾಂಸದ ಕೆಂಪು ಬಣ್ಣ ರಕ್ತದ್ದಲ್ಲ, ಸ್ನಾಯುವಿನೊಳಗೇ ಇರುವ ಮಯೋಗ್ಲೋಬಿನ್ ಎಂಬ ಪ್ರೋಟೀನಿನದು. ಕಬ್ಬಿಣ ಇರುವ ಈ ಪ್ರೋಟೀನು ಆಮ್ಲಜನಕವನ್ನು ಸ್ನಾಯುವಿನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಗಂಟೆಗಟ್ಟಲೆ ದುಡಿಯುವ ಸ್ನಾಯುವಿನಲ್ಲಿ ಇದೂ ಹೆಚ್ಚು, ಮೈಟೊಕಾಂಡ್ರಿಯಾನೂ ಹೆಚ್ಚು. ಕೋಳಿ ದಿನವಿಡೀ ಕೆದರುತ್ತಾ ನಡೆಯುತ್ತದೆ, ಅದಕ್ಕೇ ಅದರ ತೊಡೆ ಕಂದು. ಹಾರೋದು ಮಾತ್ರ ಗೋಡೆ ಹತ್ತುವಷ್ಟು, ಹೀಗಾಗಿ ಎದೆ ಬಿಳಿ. ಹೆಬ್ಬಾತು ನೂರಾರು ಕಿಲೋಮೀಟರ್ ನಿಲ್ಲದೆ ರೆಕ್ಕೆ ಬಡಿಯುವ ಹಕ್ಕಿ, ಅದರ ದುಡಿಮೆಯೆಲ್ಲ ಎದೆಯ ಸ್ನಾಯುವಿನದು. ಪಾರಿವಾಳದ ಎದೆಯೂ ಇದೇ ಕಾರಣಕ್ಕೆ ಕೆಂಪು.

ಅಡುಗೆಯಲ್ಲೂ ಇದೇ ಲೆಕ್ಕ ನಡೆಯುತ್ತದೆ. ಕಾಡು ಹೆಬ್ಬಾತಿನ ಎದೆಯಲ್ಲಿ ಕೊಬ್ಬು ಕಡಿಮೆ, ಹೆಚ್ಚು ಹೊತ್ತು ಬೇಯಿಸಿದರೆ ಪ್ರೋಟೀನುಗಳು ಬಿಗಿದು ನೀರೆಲ್ಲ ಹೊರಗೆ ಹೋಗಿ ತೊಗಲಿನಂತೆ ಆಗುತ್ತದೆ. ಅದಕ್ಕೆ ಅಲ್ಲಿಯವರು ಎದೆಯನ್ನು ರಾತ್ರಿಯಿಡೀ ಉಪ್ಪುನೀರಿನಲ್ಲಿ ಇಟ್ಟು, ಕಾದ ಬಾಣಲೆಯಲ್ಲಿ ಬೇಗ ಹುರಿಯುತ್ತಾರೆ. ಉಪ್ಪು ಪ್ರೋಟೀನಿನ ಎಳೆಗಳನ್ನು ಸಡಿಲಿಸಿ ನೀರು ಹಿಡಿದಿಡುತ್ತದೆ. ಒಳಗೆ ಕೆಂಪಿರುವಾಗಲೇ ತಿನ್ನುವವರು ಬಹಳ. ಅಮೆರಿಕದ ಕೃಷಿ ಇಲಾಖೆ ಹೇಳೋದು ಯಾವ ಹಕ್ಕಿಯಾದರೂ ಒಳಗೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು ಅಂತ. ನಾನಂತೂ ಥರ್ಮಾಮೀಟರ್ ಕಡೆ. ಕಾಲಿನದು ಬೇರೆ ಕಥೆ. ನಾವು ತಿನ್ನುವ ಬ್ರಾಯ್ಲರ್ ಕೋಳಿಗೆ ವಯಸ್ಸು ನಲವತ್ತು ದಿನದ ಆಸುಪಾಸು, ಹೆಬ್ಬಾತು ಎಷ್ಟೋ ವರ್ಷ ಬದುಕಿದ್ದಿರಬಹುದು. ವಯಸ್ಸಾದಂತೆ ಕೊಲಾಜನ್ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ. ಸಣ್ಣ ಉರಿಯಲ್ಲಿ ಮೂರ್ನಾಲ್ಕು ಗಂಟೆ ಕುದಿಸಿದರೆ ಅದು ಜೆಲಾಟಿನ್ ಆಗಿ ಕರಗುತ್ತದೆ. ನಮ್ಮ ಕುಕ್ಕರಿನಲ್ಲಾದರೆ ನೀರು ಸುಮಾರು 120 ಡಿಗ್ರಿಗೆ ಕುದಿಯೋದರಿಂದ ಕೆಲಸ ಬೇಗ ಆಗುತ್ತದೆ.

ಇಲ್ಲಿ ಒಂದು ಗಂಭೀರ ವಿಷಯವಿದೆ. ಹಕ್ಕಿಬೇಟೆಯ ಬಂದೂಕಿನಿಂದ ಹೊರಡುವುದು ಒಂದು ಗುಂಡಲ್ಲ, ನೂರಾರು ಸಣ್ಣ ಛರ್ರೆಗಳು. ಹಿಂದೆ ಅವೆಲ್ಲ ಸೀಸದವು, ಗುರಿ ತಪ್ಪಿದವು ನೀರಿನ ತಳಕ್ಕೆ ಬೀಳುತ್ತಿದ್ದವು. ಹಕ್ಕಿಗೆ ಹಲ್ಲಿಲ್ಲ, ಕಾಳು ಅರೆಯಲು ಅದು ಸಣ್ಣ ಹರಳು ನುಂಗುತ್ತದೆ. ಹರಳಿನ ಜೊತೆ ಛರ್ರೆಯೂ ಹೋಯಿತು ಅನ್ರಿ. ಅರೆಯುವ ಜಠರ ಅದನ್ನು ಉಜ್ಜುತ್ತದೆ, ಆಮ್ಲ ಕರಗಿಸುತ್ತದೆ, ಸೀಸ ರಕ್ತಕ್ಕೆ ಸೇರಿ ಹಕ್ಕಿ ಸೊರಗಿ ಸಾಯುತ್ತದೆ. ಅದನ್ನು ತಿಂದ ಹದ್ದಿಗೂ ಅದೇ ಗತಿ. ತಿನ್ನುವ ಮನುಷ್ಯನೂ ಹೊರತಲ್ಲ. ಮಾಂಸದಲ್ಲಿ ಕಣ್ಣಿಗೆ ಕಾಣದ ಸೀಸದ ಚೂರು ಉಳಿದಿರುತ್ತವೆ, ಹುಳಿ ಹಾಕಿ ಬೇಯಿಸಿದರೆ ಇನ್ನಷ್ಟು ಕರಗುತ್ತವೆ. ಅಮೆರಿಕ 1991ರಲ್ಲಿ ನೀರುಹಕ್ಕಿಗಳ ಬೇಟೆಗೆ ಸೀಸವನ್ನು ದೇಶಾದ್ಯಂತ ನಿಷೇಧಿಸಿತು, ಕೆನಡಾ 1999ರಲ್ಲಿ.

ಬದಲಿಗೆ ಬಂದದ್ದು ಉಕ್ಕು. ಬೇಟೆಗಾರರು ಗೊಣಗಿದರು, ಅದಕ್ಕೆ ಭೌತಶಾಸ್ತ್ರದ ಕಾರಣವೂ ಇತ್ತು. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.3 ಗ್ರಾಂ, ಉಕ್ಕಿನದು ಸುಮಾರು 7.9. ಅದೇ ಗಾತ್ರದ ಉಕ್ಕಿನ ಛರ್ರೆ ಹಗುರ, ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ. ಹಾಗಾಗಿ ಅವರು ದೊಡ್ಡ ಛರ್ರೆ ಬಳಸಿ, ಹಕ್ಕಿ ಹತ್ತಿರ ಬರೋವರೆಗೆ ಕಾಯೋದು ಕಲಿತರು. ಸೀಸದಷ್ಟೇ ತೂಕ ಬರಬೇಕಾದರೆ ಉಕ್ಕಿನ ಗೋಳದ ವ್ಯಾಸ ಎಷ್ಟು ಹೆಚ್ಚಿರಬೇಕು? ಮಕ್ಕಳಿಗೆ ಕೊಡ್ರಿ. ಉತ್ತರ ಸುಮಾರು ನೂರಕ್ಕೆ 13 ಬರಬೇಕು.

ನಮ್ಮಲ್ಲಿ ಬೇಟೆಯ ಮಾತೇ ಇಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ. ಆದರೆ ಹೆಬ್ಬಾತು ನಮ್ಮ ಕಡೆನೂ ಬರುತ್ತದೆ. ಭೀಮಾ ನದಿಯ ಉಜನಿ ಹಿನ್ನೀರಿಗೆ, ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಇಳಿಯುತ್ತವೆ. ಕೆಲವು 7,000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಅವುಗಳ ಹಿಮೋಗ್ಲೋಬಿನ್ ಬೇರೆ ಹೆಬ್ಬಾತುಗಳದಕ್ಕಿಂತ ಬಿಗಿಯಾಗಿ ಆಮ್ಲಜನಕ ಹಿಡಿಯುತ್ತದೆ, ಎದೆಯ ಸ್ನಾಯುವಿನಲ್ಲಿ ಲೋಮನಾಳಗಳೂ ದಟ್ಟ. ಬೇಸಿಗೆ ಶುರುವಾಗುವ ಹೊತ್ತಿಗೆ ಹೊರಟು ಬಿಡ್ತಾವೆ. ಜನವರಿಯ ಒಂದು ಭಾನುವಾರ ಮಕ್ಕಳನ್ನು ಕರ್ಕೊಂಡು ಹೋಗ್ರಿ. ಗಾಳಿ ಯಾವ ಕಡೆಯಿಂದ ಬೀಸ್ತದೆ, ಹಕ್ಕಿ ಯಾವ ಕಡೆ ಮುಖ ಮಾಡಿ ಇಳಿಯುತ್ತದೆ ಅನ್ನೋದನ್ನು ಅವರೇ ಬರೆದುಕೊಳ್ಳಲಿ.